ಮುಟ್ಟುವ ಮೊದಲಿನ ಇಪ್ಪತ್ತು ಸೆಕೆಂಡು

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರ ಮಹಿಳೆಯರ ವಾರ್ಡಿನಲ್ಲಿ ನರ್ಸ್. ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಮೂವತ್ತು ಹಾಸಿಗೆಗಳ ವಾರ್ಡು. ರಾತ್ರಿ ಪಾಳಿಯಲ್ಲಿ ನಾನೊಬ್ಬಳು, ಜೊತೆಗೆ ಒಬ್ಬರು ಆಯಾ. ಕೈ ಶುಚಿಗೊಳಿಸುವ ‘ಐದು ಸಂದರ್ಭ’ಗಳ ಬಗ್ಗೆ ತರಬೇತಿ ಆಗಿದೆ, ಗೋಡೆಗೆ ಚಿತ್ರವನ್ನೂ ಅಂಟಿಸಿದ್ದಾರೆ. ಆದರೆ ಅಲ್ಲಿ ಹೇಳಿದಷ್ಟು ಸಲ ಕೈ ತೊಳೆಯುತ್ತಾ ನಿಂತರೆ ಇಂಜೆಕ್ಷನ್ ಕೊಡುವವರು ಯಾರು? ಸಿಂಕ್ ಇರುವುದು ವಾರ್ಡಿನ ಇನ್ನೊಂದು ತುದಿಯಲ್ಲಿ. ಸ್ಯಾನಿಟೈಸರ್ ಹಚ್ಚಿದರೆ ಬೆರಳ ಸಂದಿಯಲ್ಲಿ ಉರಿ. ಚಳಿಗಾಲದಲ್ಲಂತೂ ಕೈ ಬಿರಿದು ರಕ್ತ ಬರುತ್ತದೆ. ಹಾಗಾಗಿ ಪಾಳಿಯುದ್ದಕ್ಕೂ ಗ್ಲೌಸ್ ಹಾಕಿಕೊಂಡಿರುತ್ತೇನೆ. ಅಷ್ಟು ಸಾಲದೇ? ರೌಂಡ್ಸಿಗೆ ಬರುವ ಡಾಕ್ಟರುಗಳೇ ಕೈ ತೊಳೆಯುವುದಿಲ್ಲ; ಪಾಠವೆಲ್ಲ ನಮಗೆ ಮಾತ್ರ ಏಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲಿರುವ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಖಂಡಿತ ಬರುತ್ತೇನೆ. ಆದರೆ ರಕ್ತ ಒಸರುವ ಕೈ ಇಟ್ಟುಕೊಂಡು ಪಾಳಿ ಮುಗಿಸುತ್ತಿದ್ದೇನೆ ಎಂದು ನೀವು ಬರೆದಿರುವಾಗ ಆ ಮಾತನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಆಸ್ಪತ್ರೆಯ ಸೋಂಕು ತಡೆಯುವ ಕೆಲಸದಲ್ಲಿರುವ ನಾವು ವರ್ಷಗಟ್ಟಲೆ ನರ್ಸುಗಳಿಗೆ ‘ಕೈ ತೊಳೆಯಿರಿ’ ಎಂದು ಹೇಳಿದೆವು. ‘ಎಲ್ಲಿ, ಕೈ ತೋರಿಸಿ’ ಎಂದು ಕೇಳಿದ್ದು ಕಡಿಮೆ. ಅಲ್ಲಿಂದಲೇ ಶುರು ಮಾಡೋಣ.

ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಅವುಗಳ ನಡುವೆ ತುಂಬಿಕೊಂಡಿರುವ ಜಿಡ್ಡು ಒಳಗಿನ ತೇವ ಆರಿಹೋಗದಂತೆ ಕಾಯುತ್ತದೆ. ಸೋಪು ಕೊಳೆಯ ಜೊತೆಗೆ ಈ ಜಿಡ್ಡನ್ನೂ ಎಬ್ಬಿಸಿ ನೀರಿನಲ್ಲಿ ಹರಿಸಿಬಿಡುತ್ತದೆ. ನೀರು ಬಿಸಿಯಾಗಿದ್ದರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಕೂಡ ಜಿಡ್ಡನ್ನು ಕದಲಿಸುತ್ತದೆ, ಆದರೆ ಅಲ್ಲಿ ತೊಳೆದು ಒಯ್ಯುವ ನೀರಿಲ್ಲ. ಕದಲಿದ್ದು ಬಹುಪಾಲು ಚರ್ಮದ ಮೇಲೆಯೇ ಉಳಿಯುತ್ತದೆ. ಅದಕ್ಕೆ ಗ್ಲಿಸರಿನ್ ಬೆರೆಸಿದ್ದರೆ ಚರ್ಮ ಇನ್ನಷ್ಟು ಚೆನ್ನಾಗಿರುತ್ತದೆ. ಹೀಗಾಗಿ ಉರಿ ಕಾಣಿಸುವುದು ಸ್ಯಾನಿಟೈಸರ್ ಹಚ್ಚಿದಾಗ ನಿಜ, ಆದರೆ ಚರ್ಮವನ್ನು ಒಡೆದದ್ದು ಸಾಮಾನ್ಯವಾಗಿ ಸೋಪು. ಉರಿಯುತ್ತದೆ ಎಂದು ಸ್ಯಾನಿಟೈಸರ್ ಬಿಟ್ಟು ಪದೇ ಪದೇ ಸೋಪಿನಿಂದ ತೊಳೆಯುವವರ ಕೈ ಮತ್ತಷ್ಟು ಬಿರಿಯುತ್ತದೆ. ಆಮೇಲೆ ಸ್ಯಾನಿಟೈಸರಿನ ಹನಿ ತಾಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಈ ಸುಳಿಯಲ್ಲಿ ಸಿಕ್ಕಿದ ಎಷ್ಟೋ ನರ್ಸುಗಳು ತಮಗೆ ಆಲ್ಕೋಹಾಲ್ ಅಲರ್ಜಿ ಇದೆ ಎಂದುಕೊಂಡಿರುತ್ತಾರೆ. ನಿಜವಾದ ಆಲ್ಕೋಹಾಲ್ ಅಲರ್ಜಿ ಬಹಳ ಅಪರೂಪ.

ನೀವು ಬಿಡಬೇಕಾದ ಅಭ್ಯಾಸಗಳು ಮೂರು. ಸೋಪಿನಿಂದ ತೊಳೆದ ಕೂಡಲೇ ‘ಇನ್ನೂ ಶುಚಿಯಾಗಲಿ’ ಎಂದು ಸ್ಯಾನಿಟೈಸರ್ ಹಚ್ಚುವುದು ಮೊದಲನೆಯದು. ಎರಡರಲ್ಲಿ ಒಂದು ಸಾಕು. ಎರಡೂ ಒಟ್ಟಿಗೆ ಸೇರಿದರೆ ಚರ್ಮಕ್ಕೆ ಹಾನಿ, ಮೇಲಾಗಿ ಒದ್ದೆ ಕೈಯಲ್ಲಿ ಆಲ್ಕೋಹಾಲ್ ತೆಳುವಾಗಿ ಅದರ ಬಲವೂ ಕುಂದುತ್ತದೆ. ಒದ್ದೆ ಕೈಗೆ ಗ್ಲೌಸ್ ಏರಿಸುವುದು ಎರಡನೆಯದು. ಬೆಳಗಿನ ಚಳಿಗೆ ಹಿತವೆಂದು ಬಿಸಿನೀರಿನಲ್ಲಿ ಕೈ ತೊಳೆಯುವುದು ಮೂರನೆಯದು. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದಾಗಲೆಲ್ಲ ಸೋಪಿನ ಬದಲು ಸ್ಯಾನಿಟೈಸರ್ ಬಳಸಿ. ಬಿರುಕುಗಳು ಮಾಗುತ್ತಾ ಬಂದಂತೆ ಉರಿಯೂ ಇಳಿಯುತ್ತದೆ. ರಾತ್ರಿ ಮಲಗುವ ಮುನ್ನ, ಅಥವಾ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಮುನ್ನ, ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಳ್ಳಿ. ಅದಿಲ್ಲದಿದ್ದರೆ ಹಳೆಯ ಹತ್ತಿ ಕಾಲುಚೀಲವಾದರೂ ಸರಿ. ಪಾಳಿಯ ವೇಳೆಯಲ್ಲಿ ಮಾತ್ರ ಎಣ್ಣೆ, ವ್ಯಾಸಲೀನು ಬೇಡ. ಅವು ಲೇಟೆಕ್ಸ್ ಗ್ಲೌಸನ್ನು ಸಡಿಲಗೊಳಿಸುತ್ತವೆ. ಆಗ ನೀರಿನಂಶ ಹೆಚ್ಚಿರುವ ಕ್ರೀಮು ಹಚ್ಚಬೇಕು, ಅದೂ ನಿಮ್ಮದೇ ಟ್ಯೂಬಿನಿಂದ. ಎಲ್ಲರೂ ಬೆರಳು ಅದ್ದುವ ಡಬ್ಬಿಯನ್ನು ಡ್ಯೂಟಿ ರೂಮಿನಲ್ಲಿ ಇಟ್ಟುಕೊಳ್ಳಬೇಡಿ. ಬಿರುಕಿನಿಂದ ರಸ ಒಸರುತ್ತಿದ್ದರೆ, ಗ್ಲೌಸ್ ತಾಗಿದ ಜಾಗದಲ್ಲೆಲ್ಲ ಕೆಂಪಗೆ ತುರಿಕೆ ಎದ್ದರೆ, ಚರ್ಮವೈದ್ಯರಿಗೆ ತೋರಿಸಿ. ಅದು ಗ್ಲೌಸಿನದೇ ಅಲರ್ಜಿ ಇರಬಹುದು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. ಬಿರಿದ ಚರ್ಮದಲ್ಲಿ ರೋಗಾಣುಗಳು ಬೀಡುಬಿಡುತ್ತವೆ, ತೊಳೆದರೂ ಸುಲಭವಾಗಿ ಹೋಗುವುದಿಲ್ಲ. ರೋಗಿಯ ರಕ್ತ ನಿಮ್ಮ ಗಾಯಕ್ಕೆ ತಾಗುವ ಅಪಾಯವಂತೂ ಇದ್ದೇ ಇದೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ನಿಮ್ಮ ವಾರ್ಡಿನ ಸ್ಯಾನಿಟೈಸರ್ ಬಾಟಲಿಯ ಚೀಟಿಯನ್ನೂ ಒಮ್ಮೆ ಓದಿ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಎರಡು ಸೂತ್ರಗಳಲ್ಲಿ ಒಂದರಲ್ಲಿ 80 ಪ್ರತಿಶತ ಎಥನಾಲ್, ಇನ್ನೊಂದರಲ್ಲಿ 75 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಇದೆ. ಎರಡರಲ್ಲೂ 1.45 ಪ್ರತಿಶತ ಗ್ಲಿಸರಿನ್, 0.125 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್. ಗ್ಲಿಸರಿನ್ ನಿಮ್ಮ ಚರ್ಮಕ್ಕಾಗಿ. ಪೆರಾಕ್ಸೈಡ್ ಇರುವುದು ಬಾಟಲಿಯಲ್ಲೇ ಸೇರಿಕೊಂಡಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ನಾಶಮಾಡುವುದಕ್ಕಾಗಿ. ಆಲ್ಕೋಹಾಲ್ 60 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಆ ಬಾಟಲಿ ವಾರ್ಡಿಗೆ ಬೇಡ. ಅಪ್ಪಟ ಸ್ಪಿರಿಟ್ಟೇ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ರೋಗಾಣುವಿನ ಪ್ರೋಟೀನು ಕೆಡಬೇಕಾದರೆ ಆಲ್ಕೋಹಾಲಿನ ಜೊತೆಗೆ ಸ್ವಲ್ಪ ನೀರೂ ಬೇಕು. ನೀರಿಲ್ಲದ ಸ್ಪಿರಿಟ್ ಅಷ್ಟು ಚೆನ್ನಾಗಿ ಕೊಲ್ಲುವುದಿಲ್ಲ, ಗ್ಲಿಸರಿನ್ ಇಲ್ಲದ್ದರಿಂದ ಕೈಯನ್ನೂ ಸುಡುತ್ತದೆ.

ಇನ್ನು ಸಮಯದ ಮಾತು. ಸಿಂಕಿನಲ್ಲಿ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು; ಹೋಗಿಬರುವ ನಡಿಗೆ ಬೇರೆ. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಒಬ್ಬಳೇ ನರ್ಸ್ ಪ್ರತಿ ಸಲವೂ ಆ ತುದಿಗೆ ನಡೆದುಹೋಗುವುದು ಆಗದ ಮಾತು, ಇದರಲ್ಲಿ ನಿಮ್ಮ ಲೆಕ್ಕ ಸರಿಯಾಗಿದೆ. 1997ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಇದನ್ನೇ ತೋರಿಸಿತು: 12 ಮಂದಿ ಕೆಲಸ ಮಾಡುವ ತೀವ್ರ ನಿಗಾ ಘಟಕದಲ್ಲಿ ಎಲ್ಲರೂ ಒಂದು ಸಲವೂ ತಪ್ಪದೆ ಸಿಂಕಿನಲ್ಲೇ ಕೈ ತೊಳೆದರೆ ಒಂದು ಪಾಳಿಯಲ್ಲಿ ಒಟ್ಟು 16 ಗಂಟೆಗಳ ದುಡಿಮೆ ಅದಕ್ಕೇ ಹೋಗುತ್ತದೆ, ಹಾಸಿಗೆಯ ಪಕ್ಕದಲ್ಲಿಟ್ಟ ಆಲ್ಕೋಹಾಲ್ ದ್ರಾವಣ ಬಳಸಿದರೆ 3 ಗಂಟೆ ಸಾಕು. ಸ್ಯಾನಿಟೈಸರಿಗೆ ಬೇಕಾದದ್ದು 20ರಿಂದ 30 ಸೆಕೆಂಡು. ಮುಂದಿನ ಹಾಸಿಗೆಗೆ ನಡೆಯುವಾಗಲೇ ಉಜ್ಜಿಕೊಳ್ಳಬಹುದು.

ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಾ. ಡಿಡಿಯೆ ಪಿಟೆ ಮತ್ತು ಅವರ ತಂಡ ಮಾಡಿದ್ದೂ ಇದನ್ನೇ. ಸಿಂಕಿನ ಕಡೆಗೆ ಜನರನ್ನು ಅಟ್ಟುವುದನ್ನು ಬಿಟ್ಟು ಬಾಟಲಿಯನ್ನು ಜನರ ಕಡೆಗೆ, ಹಾಸಿಗೆಗೂ ಜೇಬಿಗೂ ತಂದರು. 1994ರಲ್ಲಿ ಅಲ್ಲಿ ಕೈ ಶುಚಿ ಮಾಡಬೇಕಾದ ನೂರು ಸಂದರ್ಭಗಳಲ್ಲಿ 48ರಲ್ಲಿ ಮಾತ್ರ ಮಾಡುತ್ತಿದ್ದರು. 1997ರ ಹೊತ್ತಿಗೆ ಅದು 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಸೋಂಕು ತಗುಲಿದ ರೋಗಿಗಳ ಪ್ರಮಾಣ 16.9 ಪ್ರತಿಶತದಿಂದ 1998ಕ್ಕೆ 9.9ಕ್ಕೆ ಇಳಿಯಿತು. ಸ್ವಿಟ್ಜರ್ಲೆಂಡಿನಂಥ ಸಿರಿವಂತ ದೇಶದ ಆಸ್ಪತ್ರೆಯಲ್ಲೂ ಮೊದಲಿಗೆ ಅರ್ಧದಷ್ಟೂ ಆಗುತ್ತಿರಲಿಲ್ಲ ಎನ್ನುವುದನ್ನು ಗಮನಿಸಿ. ನಿಮ್ಮ ವಾರ್ಡಿನ ಸ್ಥಿತಿ ನೀವು ಸೋಮಾರಿಗಳಾಗಿರುವುದರಿಂದ ಬಂದದ್ದಲ್ಲ; ಕೈ ಇರುವಲ್ಲಿ ಬಾಟಲಿ ಇಲ್ಲದ್ದರಿಂದ ಬಂದದ್ದು.

ಬಾಟಲಿ ಬಂದ ಮೇಲೂ ಉಳಿಯುವ ಒಂದು ಸಮಸ್ಯೆ ಇದೆ. ಇಡೀ ಉತ್ತರದಲ್ಲಿ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ಐದು ಸಂದರ್ಭಗಳು ನಿಮಗೆ ಗೊತ್ತು: ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್, ಡ್ರೆಸ್ಸಿಂಗಿನಂಥ ಶುದ್ಧ ಕೆಲಸದ ಮೊದಲು, ರಕ್ತ, ಮೂತ್ರ, ಕೀವು ತಾಗಿದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಎರಡು ‘ಮೊದಲು’, ಮೂರು ‘ನಂತರ’. ವಾರ್ಡಿನ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ನಿಂತು ಎಣಿಸುವುದು ನನ್ನ ಕೆಲಸದ ಭಾಗ. ಎಲ್ಲಿ ಎಣಿಸಿದರೂ ನನಗೆ ಕಾಣುವುದು ಒಂದೇ ಚಿತ್ರ. ‘ನಂತರ’ದ ಕೈತೊಳೆತ ಸುಮಾರಾಗಿ ನಡೆಯುತ್ತದೆ, ‘ಮೊದಲಿ’ನದು ಬಿಟ್ಟುಹೋಗುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೈಗೆ ಕೀವು ತಾಗಿದರೆ ತೊಳೆಯಿರಿ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಹೇಸಿಗೆಯೇ ತೊಳೆಸುತ್ತದೆ. ನಮ್ಮನ್ನು ಕಾಯುವ ತೊಳೆತ ಅದು. ರೋಗಿಯನ್ನು ಕಾಯುವ ತೊಳೆತಕ್ಕೆ ಅಂಥ ಒತ್ತಡ ಒಳಗಿನಿಂದ ಹುಟ್ಟುವುದಿಲ್ಲ. ಕೈ ಶುಚಿಯಾಗಿಯೇ ಕಾಣುತ್ತಿರುತ್ತದೆ. ಹಿಂದಿನ ಹಾಸಿಗೆಯ ಕಂಬಿಯಿಂದ ಬಂದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ, ಒಣಗಿದ ಜಾಗದಲ್ಲೂ ದಿನಗಟ್ಟಲೆ ಬದುಕಬಲ್ಲ ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ, ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಅಜ್ಜಿಯರ ‘ಮಡಿ’ಯನ್ನು ನೆನಪಿಸಿಕೊಳ್ಳಿ. ಅದರ ಜೊತೆಗೆ ಬೆಳೆದ, ಮನುಷ್ಯರನ್ನೇ ದೂರವಿಟ್ಟ ಕ್ರೌರ್ಯ ಸಂಪೂರ್ಣವಾಗಿ ಹೋಗಬೇಕು. ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಲೆಯ ಮುಂದಿನ ಅವರ ಕ್ರಮದಲ್ಲಿ ಒಂದು ಬಿಗಿ ಇತ್ತು. ಕೈಕಾಲು ತೊಳೆದ ಮೇಲೆ ನಡುವೆ ಬೇರೇನನ್ನೂ ಮುಟ್ಟದೆ ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದರು. ವಾರ್ಡಿನಲ್ಲಿ ತಪ್ಪುವುದು ಸರಿಯಾಗಿ ಆ ನಡುವಿನಲ್ಲೇ. ಸ್ಯಾನಿಟೈಸರ್ ಹಚ್ಚಿಕೊಂಡಿರುತ್ತೇವೆ, ಆಮೇಲೆ ಪರದೆ ಎಳೆಯುತ್ತೇವೆ, ಕನ್ನಡಕ ಮೇಲೇರಿಸುತ್ತೇವೆ, ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡರೆ ತೆಗೆದು ನೋಡುತ್ತೇವೆ, ಅದೇ ಬೆರಳಿನಿಂದ ರೋಗಿಯ ರಕ್ತನಾಳಕ್ಕೆ ಸೇರಿಸಿರುವ ಸಣ್ಣ ಕೊಳವೆಯ, ಅಂದರೆ ಕ್ಯಾನುಲಾದ, ಮುಚ್ಚಳ ತೆರೆಯುತ್ತೇವೆ. ಪರದೆ ಮೊದಲು ಎಳೆಯಿರಿ, ಟ್ರೇ ಮೊದಲು ಜೋಡಿಸಿ, ಸಿರಿಂಜಿಗೆ ಔಷಧಿ ತುಂಬಬೇಕಿದ್ದರೆ ಅದಕ್ಕೂ ಮುನ್ನ ಒಮ್ಮೆ ಕೈ ಶುಚಿ ಮಾಡಿ. ಕ್ಯಾನುಲಾ ಮುಟ್ಟುವ ಮೊದಲಿನ ಕೊನೆಯ ಕೆಲಸ ಕೈ ಉಜ್ಜುವುದಾಗಿರಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಟ್ಟಿದ ಕೂಡಲೇ ಎದುರಿನಲ್ಲೇ ಕೈ ತೊಳೆದುಕೊಂಡರೆ ಕೆಲವು ರೋಗಿಗಳ ಮುಖ ಬಾಡುತ್ತದೆ. ನಮ್ಮ ಸಮಾಜದಲ್ಲಿ ತಮ್ಮನ್ನು ಮುಟ್ಟಿದ್ದಕ್ಕಾಗಿ ಬೇರೆಯವರು ಕೈ ತೊಳೆದುಕೊಳ್ಳುವುದನ್ನು ತಲೆತಲಾಂತರದಿಂದ ಕಂಡುಬಂದವರು ಅವರು. ಆಸ್ಪತ್ರೆಯಲ್ಲೂ ಅದೇ ಕಂಡಂತಾದರೆ ನೋವಾಗದೇ? ಮುಟ್ಟುವ ಮೊದಲು, ಅವರು ನೋಡುತ್ತಿರುವಾಗಲೇ ಕೈ ಉಜ್ಜಿಕೊಂಡು ‘ನನ್ನ ಕೈಯಿಂದ ನಿಮಗೆ ಏನೂ ಅಂಟಬಾರದಲ್ಲವೇ ಅಮ್ಮಾ’ ಎಂದು ಹೇಳಿ. ಆಮೇಲೆ ನೀವು ‘ನಂತರ’ ಕೈ ಶುಚಿ ಮಾಡಿಕೊಂಡರೂ ಅವರಿಗೆ ಅದರ ಅರ್ಥ ತಿಳಿದಿರುತ್ತದೆ.

ಈಗ ನಿಮ್ಮ ವಾರ್ಡಿನಲ್ಲೇ ಒಂದು ಹಾಸಿಗೆಯ ಲೆಕ್ಕ ಹಾಕೋಣ. ಆರನೆಯ ಹಾಸಿಗೆಯವರ ಬಿಪಿ ನೋಡಿ ಮುಗಿಸಿದ್ದೀರಿ. ಏಳರಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ. ಕಾಲಿನಲ್ಲಿ ಹುಣ್ಣು, ಕೈಯಲ್ಲಿ ಕ್ಯಾನುಲಾ, ಮೂತ್ರ ಹರಿಯಲು ಕ್ಯಾತಿಟರ್ ಎಂಬ ಕೊಳವೆ. ಆರರಿಂದ ಏಳಕ್ಕೆ ಬರುವಾಗ ಒಮ್ಮೆ ಉಜ್ಜಿಕೊಂಡರೆ ಆರನೆಯವರ ‘ನಂತರ’ ಮತ್ತು ಏಳನೆಯವರ ‘ಮೊದಲು’ ಎರಡೂ ಮುಗಿದವು. ನಡುವೆ ಬೇರೇನನ್ನೂ ಮುಟ್ಟದಿದ್ದರೆ ಎರಡು ಸಲ ಬೇಕಾಗಿಲ್ಲ. ತರಬೇತಿಯಲ್ಲಿ ಈ ಮಾತನ್ನು ಬಿಡಿಸಿ ಹೇಳದೆ ಇರುವುದರಿಂದಲೇ ಐದು ಸಂದರ್ಭ ಎಂದಾಕ್ಷಣ ಒಬ್ಬ ರೋಗಿಗೆ ಐದು ಸಲ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಬರಿಯ ಬಿಪಿ, ಜ್ವರ ನೋಡುತ್ತಾ ಹತ್ತು ಹಾಸಿಗೆ ದಾಟಿದರೆ ಹಾಸಿಗೆಗೆ ಒಂದೊಂದೇ ಸಲ.

ಅಜ್ಜಿಯನ್ನು ಎಬ್ಬಿಸಿದಿರಿ, ಹೊದಿಕೆ ಸರಿಪಡಿಸಿದಿರಿ, ನಾಡಿ ನೋಡಿದಿರಿ. ಇನ್ನು ಆ್ಯಂಟಿಬಯಾಟಿಕ್ ಕೊಡಬೇಕು. ಅದೇ ರೋಗಿಯೇ ಆದರೂ ಈಗ ಮತ್ತೊಮ್ಮೆ ಕೈ ಶುಚಿಯಾಗಬೇಕು. ಅಜ್ಜಿಯ ಚರ್ಮದ ಮೇಲಿರುವ ರೋಗಾಣುಗಳು ಚರ್ಮದ ಮೇಲಿರುವಷ್ಟು ಹೊತ್ತು ನಿರುಪದ್ರವಿಗಳಾಗಿರಬಹುದು. ನಿಮ್ಮ ಬೆರಳಿನಿಂದ ಕ್ಯಾನುಲಾಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿದರೆ ಅವೇ ಜೀವಕ್ಕೆ ಎರವಾಗುತ್ತವೆ. ಇಂಜೆಕ್ಷನ್ ಆದ ಮೇಲೆ ಡ್ರೆಸ್ಸಿಂಗ್. ಗ್ಲೌಸ್ ಏರಿಸುವ ಮೊದಲು ಒಮ್ಮೆ. ಹಳೆಯ ಬ್ಯಾಂಡೇಜ್ ಬಿಚ್ಚಿ, ಆ ಗ್ಲೌಸ್ ಕಳಚಿ, ಹೊಸದನ್ನು ಹಾಕುವ ಮೊದಲು ಇನ್ನೊಮ್ಮೆ. ಮುಗಿಸಿದ ಮೇಲೆ ಮತ್ತೊಮ್ಮೆ. ಮೂತ್ರದ ಚೀಲ ಖಾಲಿ ಮಾಡುವುದು ಎಲ್ಲಕ್ಕಿಂತ ಕೊನೆಗೆ, ಹಾಗೂ ಗ್ಲೌಸ್ ತೆಗೆದ ಮೇಲೆ ಕೇಸ್ ಶೀಟ್ ಮುಟ್ಟುವ ಮುನ್ನ ಆರನೆಯ ಸಲ. ಇಷ್ಟೆಲ್ಲ ಕೆಲಸವಿರುವ ರೋಗಿಗೆ ಒಟ್ಟು ಎರಡು-ಮೂರು ನಿಮಿಷ. ಶುದ್ಧ ಕೆಲಸವನ್ನು ಮುಂದಕ್ಕೂ ಕೊಳೆಯಾಗುವ ಕೆಲಸವನ್ನು ಹಿಂದಕ್ಕೂ ಇಟ್ಟುಕೊಂಡದ್ದರಿಂದ ಇಷ್ಟರಲ್ಲಿ ಮುಗಿಯಿತು. ಮೂತ್ರದ ಚೀಲದಿಂದ ಆರಂಭಿಸಿದ್ದರೆ ತೊಳೆಯುವುದೂ ಹೆಚ್ಚುತ್ತಿತ್ತು, ಅಪಾಯವೂ ಹೆಚ್ಚುತ್ತಿತ್ತು.

ಪಾಳಿಯುದ್ದಕ್ಕೂ ಒಂದೇ ಗ್ಲೌಸ್ ಎನ್ನುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಗ್ಲೌಸ್ ಹಾಕಿದ ಕೈಗೆ ರೋಗಾಣು ಅಂಟುವುದಿಲ್ಲ ಎಂದೇನಿಲ್ಲ. ಬರಿಗೈಯಂತೆಯೇ ಅದೂ ಹೊತ್ತು ತಿರುಗುತ್ತದೆ. ಒಂದೇ ವ್ಯತ್ಯಾಸವೆಂದರೆ ಬರಿಗೈಗೆ ಅಂಟಂಟು ಎನಿಸಿದಾಗಲಾದರೂ ತೊಳೆಯಬೇಕೆನಿಸುತ್ತದೆ, ಗ್ಲೌಸಿನೊಳಗಿನ ಕೈಗೆ ಅದೂ ತಿಳಿಯುವುದಿಲ್ಲ. ಹನ್ನೆರಡನೆಯ ಹಾಸಿಗೆಯ ಸೋಂಕು ಹದಿಮೂರಕ್ಕೆ ಹೋದಾಗ ಸುರಕ್ಷಿತವಾಗಿದ್ದವರು ನೀವೊಬ್ಬರೇ. ಅದೂ ಪೂರ್ತಿಯಾಗಿ ಅಲ್ಲ: ಗ್ಲೌಸಿನಲ್ಲಿ ಕಾಣದಷ್ಟು ಸಣ್ಣ ತೂತುಗಳಿರಬಹುದು, ಕಳಚುವಾಗ ಹೊರಮೈ ಬೆರಳಿಗೆ ತಾಗಿಯೇ ತಾಗುತ್ತದೆ. ಗಂಟೆಗಟ್ಟಲೆ ಬೆವರಿನಲ್ಲಿ ನೆನೆದ ಕೈಯ ಚರ್ಮ ಬೇಗ ಕೆಡುತ್ತದೆ, ನಿಮ್ಮ ಬಿರುಕಿಗೆ ಇದೂ ಒಂದು ಕಾರಣ. ರಕ್ತ, ದೇಹದ್ರವ, ಗಾಯ ಇವುಗಳಿಗೆ ಗ್ಲೌಸ್ ಬೇಕು. ಬಿಪಿ ನೋಡಲು, ಮಾತ್ರೆ ಕೊಡಲು, ಹೊದಿಕೆ ಸರಿಪಡಿಸಲು ಬೇಡ. ಗ್ಲೌಸಿನ ಮೇಲೆಯೇ ಸ್ಯಾನಿಟೈಸರ್ ಸವರಿ ಮುಂದಿನ ರೋಗಿಗೆ ಹೋಗುವುದು ಖಂಡಿತ ಬೇಡ.

ಸೋಪೇ ಬೇಕಾದ ಸಂದರ್ಭಗಳೂ ಇವೆ. ಕೈಯಲ್ಲಿ ರಕ್ತ, ಮಲ, ಕೊಳೆ ಕಣ್ಣಿಗೆ ಕಂಡರೆ, ಶೌಚಕ್ಕೆ ಹೋಗಿಬಂದರೆ, ಗ್ಲೌಸಿನ ಪುಡಿ ಕೈಗೆ ಮೆತ್ತಿದ್ದರೆ ಸಿಂಕಿಗೇ ಹೋಗಿ. ವಾಂತಿಭೇದಿಯ ರೋಗಿಗಳನ್ನು ನೋಡಿದ ಮೇಲೂ ಅಷ್ಟೆ. ಭೇದಿ ತರುವ ಕ್ಲಾಸ್ಟ್ರಿಡಿಯಮ್ ಡಿಫಿಸೈಲ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಅವನ್ನು ಉಜ್ಜಿ, ನೀರಿನಲ್ಲಿ ಹರಿಸಿ ಕಳಿಸಬೇಕು.

ದ್ರವ ಸೋಪಿನ ಬಗ್ಗೆ ಒಂದು ಅನುಭವ. ನವಜಾತ ಶಿಶುಗಳ ಘಟಕವೊಂದರಲ್ಲಿ ಒಂದಾದ ಮೇಲೊಂದು ಮಗುವಿನ ರಕ್ತದಲ್ಲಿ ಒಂದೇ ಬಗೆಯ ಕ್ಲೆಬ್ಸಿಯೆಲ್ಲಾ ಸಿಗುತ್ತಿತ್ತು. ಅಲ್ಲಿನ ಸಿಬ್ಬಂದಿ ಕೈ ತೊಳೆಯುವುದರಲ್ಲಿ ಬಹಳ ನಿಷ್ಠೆಯವರು. ವೆಂಟಿಲೇಟರ್, ಫೀಡಿಂಗ್ ಟ್ಯೂಬ್, ನಲ್ಲಿ ಎಲ್ಲವನ್ನೂ ಪರೀಕ್ಷಿಸಿ, ಕೊನೆಗೆ ಸೋಪಿನ ಬಾಟಲಿಯ ಹನಿಯನ್ನು ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಹಾಕಿದೆವು. ಮರುದಿನ ಪ್ಲೇಟಿನ ತುಂಬ ಅದೇ ಬೆಳೆದಿತ್ತು. ಬಾಟಲಿ ಖಾಲಿಯಾಗುವ ಮುನ್ನವೇ ಮೇಲಿಂದ ಹೊಸ ಸೋಪು ಸುರಿಯುತ್ತಿದ್ದರು, ಉಳಿತಾಯಕ್ಕೆಂದು ಒಂದಿಷ್ಟು ನೀರನ್ನೂ ಬೆರೆಸುತ್ತಿದ್ದರು. ಅಡಿಯಲ್ಲಿದ್ದ ಹಳೆಯ ಸೋಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿತ್ತು. ನಿಷ್ಠೆಯಿಂದ ತೊಳೆದವರ ಕೈಗೇ ಅದು ಹೆಚ್ಚು ಸಲ ಹತ್ತಿತ್ತು. ಆ ನರ್ಸುಗಳ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ಆದ್ದರಿಂದ ಬಾಟಲಿ ಪೂರ್ತಿ ಖಾಲಿಯಾಗಲಿ, ತೊಳೆದು ಒಣಗಿಸಿ, ಆಮೇಲೆ ತುಂಬಿಸಿ. ಬಿಲ್ಲೆ ಸೋಪಾದರೆ ಸಣ್ಣ ತುಂಡುಗಳನ್ನು ನೀರು ಸೋರಿಹೋಗುವ ತಟ್ಟೆಯಲ್ಲಿಡಿ. ಸಿಂಕಿನ ಪಕ್ಕದಲ್ಲಿ ತೂಗುಹಾಕಿರುವ, ಬೆಳಗಿನಿಂದ ಎಲ್ಲರೂ ಒರೆಸಿಕೊಂಡ ಟವೆಲನ್ನು ತೆಗೆದುಬಿಡಿ. ಕಾಗದದ ಒರೆಸು ಸಿಗದಿದ್ದರೆ ಹಳೆಯ ಹತ್ತಿ ಬಟ್ಟೆಯ ಚೌಕಗಳನ್ನು ಒಗೆದು ಜೋಡಿಸಿಟ್ಟು ಒಂದು ಸಲಕ್ಕೆ ಒಂದರಂತೆ ಬಳಸಬಹುದು.

ಉಜ್ಜುವ ಕ್ರಮ ಗೋಡೆಯ ಚಿತ್ರದಲ್ಲಿದೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಆದರೆ ಬಿಡುವಿದ್ದಾಗ ವಾರ್ಡಿನವರೆಲ್ಲ ಸೇರಿ ಒಂದು ಪ್ರಯೋಗ ಮಾಡಿ: ಗ್ಲೌಸ್ ಹಾಕಿದ ಅಂಗೈಗೆ ಸ್ವಲ್ಪ ಪೋಸ್ಟರ್ ಬಣ್ಣ ಹಾಕಿಕೊಂಡು, ಕಣ್ಣು ಮುಚ್ಚಿ, ಎಂದಿನಂತೆ ಕೈ ಉಜ್ಜಿ ಕಣ್ಣು ತೆರೆಯಿರಿ. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ ಬಣ್ಣ ಹತ್ತದೆ ಹಾಗೆಯೇ ಉಳಿದಿರುತ್ತವೆ. ನಾವು ರೋಗಿಯನ್ನು ಹೆಚ್ಚಾಗಿ ಮುಟ್ಟುವುದು ಆ ತುದಿಗಳಿಂದಲೇ. ಸ್ಯಾನಿಟೈಸರ್ ಅಂಗೈ ಗುಳಿ ತುಂಬುವಷ್ಟು ಬೇಕು, ಎರಡು ಹನಿ ಸಾಲದು. ಅದು ತಾನಾಗಿ ಆರುವ ತನಕ ಉಜ್ಜಿ, ಸೀರೆಗೋ ಏಪ್ರನ್ನಿಗೋ ಒರೆಸಿಕೊಳ್ಳಬೇಡಿ. ಉಗುರು ಅರ್ಧ ಸೆಂಟಿಮೀಟರಿಗಿಂತ ಗಿಡ್ಡವಾಗಿರಲಿ, ಕೃತಕ ಉಗುರು ಬೇಡವೇ ಬೇಡ.

ಉಂಗುರ, ಬಳೆ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಇವುಗಳ ವಿಚಾರಕ್ಕೆ ಬಂದರೆ ನಾನು ಮೊದಮೊದಲು ಗದರುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಉಂಗುರದ ಅಡಿಯಲ್ಲಿ ರೋಗಾಣು ಉಳಿಯುತ್ತದೆ, ಒದ್ದೆಯಾದ ದಾರ ಇಡೀ ದಿನ ಒದ್ದೆಯಾಗಿಯೇ ಇರುತ್ತದೆ, ಬಳೆಗಳಿದ್ದರೆ ಮಣಿಕಟ್ಟು ತೊಳೆಯಲಾಗದು. ಇದನ್ನು ವಿವರಿಸಿ ಹೇಳಿದರೆ ಹೆಚ್ಚಿನವರು ತಾವೇ ದಾರಿ ಕಂಡುಕೊಳ್ಳುತ್ತಾರೆ. ಒಬ್ಬ ನರ್ಸ್ ಪಾಳಿಯ ಹೊತ್ತಿನಲ್ಲಿ ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಬೀರುವಿನಲ್ಲಿಡುತ್ತಾರೆ, ಇನ್ನೊಬ್ಬರು ದಾರವನ್ನು ತೋಳಿಗೆ ಕಟ್ಟಿಕೊಂಡಿದ್ದಾರೆ.

ಈಗ ಡಾಕ್ಟರುಗಳ ವಿಚಾರ. ಜಿನೀವಾದ ಅದೇ ಅಧ್ಯಯನದಲ್ಲಿ ನರ್ಸುಗಳು, ಸಹಾಯಕಿಯರು ಗಣನೀಯವಾಗಿ ಸುಧಾರಿಸಿದರು. ವೈದ್ಯರು ಹಿಂದೆಯೇ ಉಳಿದರು. ಹಾಗಾಗಿ ನೀವು ಕಂಡದ್ದು ನಿಮ್ಮ ಆಸ್ಪತ್ರೆಯ ವಿಶೇಷವಲ್ಲ. ಕೈ ತೊಳೆಯುವ ಪಾಠ ಮೊಟ್ಟಮೊದಲು ಹೇಳಬೇಕಾಗಿ ಬಂದದ್ದೇ ವೈದ್ಯರಿಗೆ ಎನ್ನುವುದೂ ನಿಮಗೆ ತಿಳಿದಿರಲಿ.

1840ರ ದಶಕದ ವಿಯೆನ್ನಾ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳು. ಒಂದರಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ಬಾಣಂತಿಯರ ಸಾವು ನೂರಕ್ಕೆ 11ಕ್ಕಿಂತ ಹೆಚ್ಚು, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಇದು ಊರಿನ ಹೆಂಗಸರಿಗೂ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿ ಎಂದು ಅಂಗಲಾಚುತ್ತಿದ್ದರು. ಅಲ್ಲಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ವೈದ್ಯನಿಗೆ 1847ರ ಮಾರ್ಚಿನಲ್ಲಿ ಗೆಳೆಯನ ಸಾವು ಕಣ್ಣು ತೆರೆಸಿತು. ಶವಪರೀಕ್ಷೆಯ ವೇಳೆ ಚಾಕು ತಾಗಿ ಗಾಯಗೊಂಡ ಪ್ರಾಧ್ಯಾಪಕ ಕೊಲೆಟ್ಶ್ಕಾ ಬಾಣಂತಿ ನಂಜಿನಂಥದೇ ಕಾಯಿಲೆಯಿಂದ ಸತ್ತಿದ್ದ. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮನೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಆತ ಕಡ್ಡಾಯ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18.3 ಇದ್ದ ಸಾವು ಜೂನಿನಲ್ಲಿ 2.2ಕ್ಕೆ ಇಳಿಯಿತು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಿಮಗೆ ಬೇಕಾದ ಭಾಗ ಇದರ ಮುಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವಾರ್ಡಿಗೆ ಬರುವಾಗ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಬಂದಿದ್ದರು. ಅವಳನ್ನು ಪರೀಕ್ಷಿಸಿ, ಮುಂದಿನವರಿಗೆ ಹೋಗುವಾಗ ಬರಿಯ ಸೋಪಿನಿಂದ ತೊಳೆದುಕೊಂಡರು. ಆಗ ಒಟ್ಟಿಗೆ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಅಲ್ಲಿಂದ ಮುಂದೆ ಸೆಮ್ಮೆಲ್‌ವೈಸ್ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವ ನಡುವೆಯೂ ಕ್ಲೋರಿನ್ ನೀರಿನಲ್ಲಿ ತೊಳೆಯಬೇಕೆಂದು ಆಜ್ಞೆ ಮಾಡಿದ. ನಿಮ್ಮ ಗೋಡೆಯ ಚಿತ್ರದಲ್ಲಿರುವ ಮೊದಲ ಸಂದರ್ಭದ ಹಿಂದೆ ಆ ಹನ್ನೊಂದು ತಾಯಂದಿರಿದ್ದಾರೆ.

ಆದರೂ ಆತನ ಕಾಲದ ದೊಡ್ಡ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಒಪ್ಪಿದರೆ ಅಷ್ಟು ಸಾವುಗಳನ್ನು ತಮ್ಮ ಕೈಯೇ ತಂದಿತು ಎಂದು ಒಪ್ಪಬೇಕಾಗುತ್ತಿತ್ತು. ಆತ ರೋಸಿಹೋಗಿ ಬಹಿರಂಗ ಪತ್ರಗಳಲ್ಲಿ ಅವರನ್ನು ಕೊಲೆಗಾರರೆಂದು ಕರೆದ. ಅವರು ಇನ್ನಷ್ಟು ದೂರ ಸರಿದರು. 1865ರಲ್ಲಿ ಆತ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸತ್ಯ ಆತನ ಪರವಾಗಿತ್ತು, ಆದರೂ ಬೈಗುಳದಿಂದ ಯಾರ ಕೈಯೂ ಶುಚಿಯಾಗಲಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ ಹೀಗಿದೆ. ರೌಂಡ್ಸಿನ ಟ್ರಾಲಿಯ ಮೇಲೆ ಕೇಸ್ ಶೀಟುಗಳ ಪಕ್ಕದಲ್ಲೇ ಬಾಟಲಿ ಇಡಿ. ಪ್ರತಿ ಹಾಸಿಗೆಯ ಮುಂದೆ ಮೊದಲು ನೀವು ಹಚ್ಚಿಕೊಂಡು, ಮರುಕ್ಷಣ ‘ಸರ್, ಕೈ’ ಅಥವಾ ‘ಮೇಡಂ, ಕೈ’ ಎಂದು ಬಾಟಲಿ ಮುಂದೆ ಹಿಡಿಯಿರಿ. ಎದುರಿಗೆ ಹಿಡಿದ ಬಾಟಲಿಯನ್ನು ಬೇಡವೆನ್ನುವ ಡಾಕ್ಟರನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರಿಗಿಂತ ಹಿರಿಯರಿಗೆ ಮೊದಲು ಹಿಡಿಯಿರಿ. ಅವರು ಹಚ್ಚಿಕೊಂಡರೆ ಹಿಂದಿರುವ ಕಿರಿಯರು ಹೇಳಿಸಿಕೊಳ್ಳದೆ ಹಚ್ಚಿಕೊಳ್ಳುತ್ತಾರೆ, ಅವರು ಬಿಟ್ಟರೆ ಇವರೂ ಬಿಡುತ್ತಾರೆ. ಸ್ಟೆತಸ್ಕೋಪಿನ ಬಿಲ್ಲೆಯನ್ನು ಒರೆಸಲು ನಾಲ್ಕು ಸ್ಪಿರಿಟ್ ಹತ್ತಿಯ ತುಣುಕುಗಳೂ ಟ್ರಾಲಿಯಲ್ಲಿರಲಿ.

ಬಾಟಲಿಗಳಿಗೆ ಹಣ ಎಲ್ಲಿಂದ ಎಂದು ಕೇಳುವಿರಿ. ಸಾಮಾನು ಕೇಳುವ ಇಂಡೆಂಟ್ ಪಟ್ಟಿಯಲ್ಲಿ ‘ಸ್ಯಾನಿಟೈಸರ್’ ಎಂದಷ್ಟೇ ಬರೆಯದೆ, ‘ಎರಡು ಹಾಸಿಗೆಗೆ ಒಂದರಂತೆ, ಕಂಬಿಗೆ ಸಿಕ್ಕಿಸುವ ಹಿಡಿಕೆಯ ಸಮೇತ, ಗ್ಲಿಸರಿನ್ ಇರುವ ದ್ರಾವಣ’ ಎಂದು ಬಿಡಿಸಿ ಬರೆಯಿರಿ. ನಿಮ್ಮ ಆಡಳಿತ ವೈದ್ಯಾಧಿಕಾರಿಗಳಿಗೆ ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಪ್ರಶಸ್ತಿ ಕೊಡುವ, 2015ರಲ್ಲಿ ಆರಂಭವಾದ ಕಾಯಕಲ್ಪ ಯೋಜನೆಯನ್ನು ನೆನಪಿಸಿ. ಅದರ ಮೌಲ್ಯಮಾಪನದಲ್ಲಿ ಸೋಂಕು ನಿಯಂತ್ರಣಕ್ಕೆ, ಕೈ ಶುಚಿತ್ವಕ್ಕೆ ಅಂಕಗಳಿವೆ. ಆಸ್ಪತ್ರೆಯ ಮೇಲ್ವಿಚಾರಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲೂ ವಿಷಯ ಇಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ನೂರು ಒಳರೋಗಿಗಳಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಸೋಂಕು ತಗುಲುತ್ತದೆ. ಅಂಥವರಲ್ಲಿ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಈ ಅಂಕಿಯನ್ನು ನಿಮ್ಮ ಮೂವತ್ತು ಹಾಸಿಗೆಗೆ ಇಳಿಸಿ ಹೇಳಿ: ಮೂವತ್ತು ರೋಗಿಗಳಲ್ಲಿ ನಾಲ್ಕೈದು ಮಂದಿ.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮ್ಮ ಪತ್ರದ ಒಳಗಿದ್ದ ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಒಬ್ಬಳೇ ಇರುವಾಗ, ಮೂರು ಕಡೆಯಿಂದ ‘ಸಿಸ್ಟರ್’ ಎಂದು ಕೂಗುತ್ತಿರುವಾಗ, ಎಲ್ಲವನ್ನೂ ಪಾಲಿಸಲು ಆಗದಿದ್ದರೆ ಏನು ಮಾಡಲಿ? ಬಿಡಬಹುದಾದ ಸಂದರ್ಭ ಇಂಥದು ಎಂದು ನಾನು ಹೇಳಲಾರೆ. ಎಂದಿಗೂ ಬಿಡಲೇಬಾರದ್ದು ಯಾವುದು ಎಂದು ಹೇಳಬಲ್ಲೆ. ಕ್ಯಾನುಲಾ, ಕ್ಯಾತಿಟರ್, ಗಾಯ, ಹೊಕ್ಕುಳಬಳ್ಳಿ, ಈ ನಾಲ್ಕರ ಮೇಲೆ ಬೆರಳಿಡುವ ಮೊದಲು, ಎಂಥ ಅವಸರವಿದ್ದರೂ, ಇಪ್ಪತ್ತು ಸೆಕೆಂಡು. ಅದಕ್ಕಾಗಿ ಇಂದು ರಾತ್ರಿಯೇ ಒಂದು ಸಣ್ಣ ಬಾಟಲಿಯನ್ನು ಇಂಜೆಕ್ಷನ್ ಟ್ರೇಯಲ್ಲಿ, ಸಿರಿಂಜುಗಳ ಪಕ್ಕದಲ್ಲಿ, ನಿಮ್ಮ ಬಲಗೈಗೆ ಮೊದಲು ಸಿಗುವ ಜಾಗದಲ್ಲಿ ಇಟ್ಟುಕೊಳ್ಳಿ.